ತಾನೇ ಕಟ್ಟಿಕೊಂಡಳು

ಮಧುಗಿರಿಯ ಬಿ.ಎಡ್. ಕಾಲೇಜಿನಲ್ಲಿ ಮೇಡಂ ರಚನಾವಾದದ ಪಾಠ ಶುರು ಮಾಡಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಜ್ಞಾನ ಯಾರೋ ತುಂಬಿ ಕೊಡುವಂಥದ್ದಲ್ಲವಂತೆ, ಮಗು ತಾನೇ ಕಟ್ಟಿಕೊಳ್ಳುತ್ತದಂತೆ. ಆಮೇಲೆ ಕಲೆಗೆ ಹೋದರು. ಚಿತ್ರ ಬಿಡಿಸುವುದು ಬಿಟ್ಟು ಕಬ್ಬಿಣ, ಗಾಜು, ಮರದ ತುಂಡು ಜೋಡಿಸಿ ಕಟ್ಟಿದವರಿದ್ದರಂತೆ. ತತ್ವಶಾಸ್ತ್ರದಲ್ಲಾದರೆ ನಾವು ನಿಜ ಅನ್ನುವುದರಲ್ಲಿ ಎಷ್ಟೋ ಪಾಲು ಜನರೆಲ್ಲ ಸೇರಿ ಕಟ್ಟಿದ್ದೇ ಅಂತೆ. ಗಣಿತದವರು ಇನ್ನೂ ಬಿಗಿ. ಒಂದು ಸಂಖ್ಯೆ ಇದೆ ಅಂದವನು ಅದನ್ನು ಕಟ್ಟಿ ತೋರಿಸಬೇಕು. ಇರದೇ ಎಲ್ಲಿಗೆ ಹೋಗುತ್ತೆ ಅಂತ ವಾದ ಮಾಡಿದರೆ ಅವರು ಒಪ್ಪುವುದಿಲ್ಲವಂತೆ. ಪಕ್ಕದವಳು ಹಾಯಾಗಿ ಬರೆದುಕೊಳ್ಳುತ್ತಿದ್ದಳು. ನಾನು ಪೆನ್ನು ಕೆಳಗಿಟ್ಟೆ. ಹತ್ತನೇ ಕ್ಲಾಸಿಗೆ ನನ್ನ ಸ್ಕೂಲು ಬಿಡಿಸಿದ್ದು ಕಟ್ಟಿಕೊಳ್ಳುವುದು ಅನ್ನುವ ಇದೇ ಒಂದು ಮಾತು.

ನಮ್ಮೂರು ಪಾವಗಡದಿಂದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತೆ. ಅರ್ಧ ಕನ್ನಡ, ಅರ್ಧ ತೆಲುಗು. ಅಲ್ಲಿ ಕಟ್ಕೊಂಡೋಳು ಅಂದರೆ ಹೆಂಡತಿ, ತೆಲುಗಿನಲ್ಲಿ ಕಟ್ಟುಕುನ್ನೋಡು ಅಂದರೆ ಗಂಡ. ಗಣಿತದ ಮೇಷ್ಟ್ರು ಕರಾವಳಿ ಕಡೆಯವರು, ಪುಸ್ತಕದ ಹಾಗೇ ಮಾತಾಡುತ್ತಿದ್ದರು. ತರಬೇತಿ ಮುಗಿಸಿಕೊಂಡು ಬಂದ ಹುರುಪು ಬೇರೆ. ಲಂಬಕೋನ ತ್ರಿಭುಜದ ಪ್ರಮೇಯವನ್ನು ಅವರು ಹೇಳಿಕೊಡುವ ಮೊದಲೇ ನಾನು ಮನೆಯಲ್ಲಿ ಬಿದ್ದಿದ್ದ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ, ನಾಲ್ಕು ತ್ರಿಭುಜ ಮಾಡಿ, ಚೌಕವಾಗಿ ಜೋಡಿಸಿ ತೋರಿಸಿದ್ದೆ. ಲಗ್ನಪತ್ರಿಕೆ ಯಾಕೆ ಅಂದರೆ ಅದು ದಪ್ಪ ಇರುತ್ತೆ, ಮಡಚಿಕೊಳ್ಳಲ್ಲ. ಅಷ್ಟೇ ಸ್ವಾಮಿ ಕಾರಣ.

ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಅಪ್ಪ ಕಡಲೆಕಾಯಿ ಮಿಲ್ಲಿಗೆ ಹೋಗಿದ್ದ. ಹಾಗಾಗಿ ಪೋಷಕರ ಸಭೆಗೆ ಬಂದವಳು ಅಜ್ಜಿ. ಮೇಷ್ಟ್ರು ಕೈಯಲ್ಲಿ ಆ ಲಗ್ನಪತ್ರಿಕೆಯ ಚೂರು ಹಿಡಿದುಕೊಂಡು, ಮುಖವೆಲ್ಲ ನಗು ಮಾಡಿಕೊಂಡು ಅಂದರು:

"ನಾವು ಯಾರೂ ಹೇಳಿಕೊಡಲಿಲ್ಲಮ್ಮ. ನಿಮ್ಮ ಹುಡುಗಿ ತಾನೇ ಕಟ್ಟಿಕೊಂಡಿದ್ದಾಳೆ. ಬೈಯಬೇಡಿ, ಬೆಂಬಲ ಕೊಡಿ."

ಅಜ್ಜಿ ನನ್ನ ಮುಖ ನೋಡಿದಳು. ನಾನು ಹೆಮ್ಮೆಯಿಂದ ತಲೆ ಆಡಿಸಿದೆ, ದರಿದ್ರದವಳು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಜ್ಜಿ ಅತ್ತಳು. ಪಕ್ಕದಲ್ಲಿ ಕೂತ ಹೆಂಗಸು ಯಾಕೆ ಅಂದಳು, ಅಜ್ಜಿ ಹೇಳಿದಳು, ಬಸ್ಸು ಊರು ಸೇರುವಷ್ಟರಲ್ಲಿ ನನಗೊಬ್ಬ ಹುಡುಗ ಹುಟ್ಟಿಕೊಂಡಿದ್ದ. ಒಬ್ಬರು ಅವನಿಗೆ ಬೈಕು ಕೊಟ್ಟರು. ಇನ್ನೊಬ್ಬರು ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಕೊಡಿಸಿದರು. ಇಲ್ಲಮ್ಮ, ಸಿರಾ ಕಡೆಯವನು ಅಂತ ಮತ್ತೊಬ್ಬರು. ಅವನು ನನಗಾಗಿ ಬಸ್‌ಸ್ಟ್ಯಾಂಡಿನ ಹಿಂದೆ ಕಾಯುತ್ತಿದ್ದುದನ್ನು ಕಣ್ಣಾರೆ ಕಂಡವರೂ ಸಿಕ್ಕಿದರು. ಕಂಡರಂತೆ ರೀ!

ನಾನು ಹೇಳದ ರೀತಿಯಿಲ್ಲ. ಅತ್ತು ಕರೆದೆ, ಊಟ ಬಿಟ್ಟೆ, ದೇವರ ಮುಂದೆ ಆಣೆ ಮಾಡಿದೆ. ಇದ್ದರೆ ತೋರಿಸಿ, ಹೆಸರು ಹೇಳಿ, ಕರೆದುಕೊಂಡು ಬನ್ನಿ ಅಂತ ಬಾಗಿಲಲ್ಲಿ ನಿಂತು ಕೂಗಾಡಿದೆ. ಇದೆ ಅನ್ನುವವರು ತಾನೇ ತೋರಿಸಬೇಕು? ನಮ್ಮ ಬೀದಿಯಲ್ಲಿ ಅದು ಉಲ್ಟಾ. ಇಲ್ಲ ಅಂತ ತೋರಿಸುವ ಕರ್ಮ ನನ್ನದಾಯಿತು. ಇಲ್ಲದವನನ್ನು ಎಲ್ಲಿಂದ ತಂದು ಇಲ್ಲ ಅಂತ ತೋರಿಸಲಿ? ಪರೀಕ್ಷೆ ಬರೆಯುವುದಕ್ಕೆ ಮಾತ್ರ ಬಿಟ್ಟರು, ಅದಕ್ಕೂ ಅಜ್ಜಿ ಕಾವಲು. ಕಾಲೇಜಿನ ಮಾತೇ ಎತ್ತಬೇಡ ಅಂದರು.

ಕೊನೆಗೆ ಗೆಳತಿಯ ಕೈಲಿ ಹೇಳಿ ಕಳಿಸಿ ಮೇಷ್ಟ್ರನ್ನು ಮನೆಗೆ ಕರೆಸಿದೆ. ಪಾಪ, ಆ ಮನುಷ್ಯ ಬಿಸಿಲಲ್ಲಿ ಬೆವರುತ್ತ ಬಂದು ಜಗಲಿ ಮೇಲೆ ಕೂತರು. ಕಟ್ಟಿಕೊಳ್ಳುವುದು ಎಂದರೆ ಒಳಗೇ ಆಗುವಂಥದ್ದು, ಹೊರಗೆ ಯಾರಿಗೂ ಕಾಣುವುದಿಲ್ಲ, ಈ ವಯಸ್ಸಿನಲ್ಲಿ ಅದು ಸಹಜ ಅಂದರು. ಹಾಳಾಗಿ ಹೋಗಲಿ, ಆ ಹಾಳು ಪದ ಬಿಟ್ಟು ಲೆಕ್ಕ ಅಂತ ಒಂದು ಸಲ ಅನ್ನಬಾರದಿತ್ತೇ? ನಾನು ಒಳಗಿಂದ ಲೆಕ್ಕ, ಲೆಕ್ಕ ಅಂತ ಅರಚುತ್ತಿದ್ದೆ. ಅಜ್ಜಿ ಬಾಗಿಲು ಎಳೆದುಕೊಂಡಳು. ಸಂಜೆಗೆಲ್ಲ ಹುಡುಗನ ಕಡೆಯಿಂದ ಮೇಷ್ಟ್ರು ಸಂಧಾನಕ್ಕೆ ಬಂದಿದ್ದರು ಅಂತ ಊರೆಲ್ಲ ಸುದ್ದಿ.

ಅವತ್ತು ಅಪ್ಪನ ಕಾಲು ಹಿಡಿದುಕೊಂಡೆ. ನಾಲ್ಕು ತ್ರಿಭುಜ ನೆಲದ ಮೇಲೆ ಇಟ್ಟು, ಜೋಡಿಸಿ, ಇದಪ್ಪ ನಾನು ಕಟ್ಟಿದ್ದು, ಇಷ್ಟೇ ಅಂದೆ. ಅಪ್ಪ ಬಗ್ಗಿ ನೋಡಿದ. ಒಂದು ಚೂರನ್ನು ತಾನೇ ತಿರುಗಿಸಿ ಇಟ್ಟು ನೋಡಿದ. ಅವನಿಗೆ ಅರ್ಥವಾಯಿತು.

"ಹುಡ್ಗ ಇಲ್ಲ ಅಂತ ನಂಗೆ ಗೊತ್ತಾಯ್ತು ಕಣಮ್ಮ. ಊರಿಗೆ ಹೆಂಗೆ ಹೇಳ್ಲಿ? ಬುಡು, ಇನ್ನ ಅದ್ರ ಮಾತು ಬ್ಯಾಡ."

ಅವನು ನಂಬಿದ್ದೇ ನನಗೆ ದೊಡ್ಡ ಏಟು. ನಂಬದಿದ್ದರೆ ಇನ್ನೂ ಒಂದಷ್ಟು ದಿನ ಜಗಳ ಆಡುತ್ತಿದ್ದೆ. ಜಗಳ ಆಡುವುದಕ್ಕೆ ಇನ್ನು ಏನೂ ಉಳಿದಿರಲಿಲ್ಲ. ಹದಿನೆಂಟು ತುಂಬಿದ ಕೂಡಲೇ ಕೊರಟಗೆರೆಗೆ ಮದುವೆ ಮಾಡಿ ಕೊಟ್ಟರು.

ನನ್ನ ಗಂಡ ಒಳ್ಳೆಯವರು, ಸುಳ್ಳು ಹೇಳಬಾರದು. ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲೇ ಓದಿ ಪಿಯುಸಿ ಕಟ್ಟು ಅಂದವರು ಅವರೇ, ಡಿಗ್ರಿ ಮಾಡಿಸಿದವರು ಅವರೇ, ಬಿ.ಎಡ್.ಗೆ ದಿನಾ ಬಸ್ ಹತ್ತಿಸುವವರೂ ಅವರೇ. ಆದರೆ ಮದುವೆಗೆ ಮುಂಚೆಯೇ ಯಾರೋ ಆ ಹುಡುಗನ ಸುದ್ದಿ ಅವರ ಕಿವಿಗೆ ಹಾಕಿದ್ದರು. ಆಗಾಗ, ಸಿಟ್ಟಿಲ್ಲದೆ, ಮಳೆ ಬಂತಾ ಅಂತ ಕೇಳುವ ಹಾಗೆ ಕೇಳುತ್ತಾರೆ. ಯಾರೂ ಇರಲಿಲ್ಲ ಅನ್ನುತ್ತೇನೆ. ಸರಿ ಬುಡು ಅನ್ನುತ್ತಾರೆ, ಎರಡು ದಿನ ಮಾತು ಕಮ್ಮಿ ಮಾಡುತ್ತಾರೆ. ಇಷ್ಟು ವರ್ಷ ನಾನು ಇದೇ ಒಂದು ಉತ್ತರ ಕೊಟ್ಟಿದ್ದೇನೆ. ಇವರೊಬ್ಬರಾದರೂ ನಂಬಲಿ ಅಂತ.

ಮೇಡಂ ಪಾಠ ಮಾಡಿದ ದಿನ ಸಂಜೆ ಗಂಡನಿಗೆ ಮುದ್ದೆ ಬಡಿಸುತ್ತಿದ್ದೆ. ತಲೆ ಎತ್ತದೆ ಕೇಳಿದರು, "ಅವ್ನು ಈಗ ಎಲ್ಲವ್ನೆ?"

ನನಗೆ ಸಾಕಾಗಿತ್ತು.

"ಸಿರಾದಲ್ಲೇ ಅವ್ನಂತೆ," ಅಂದೆ. "ಮದ್ವೆ ಆಗೈತಂತೆ. ಒಂದು ಮಗೂನೂ ಐತಂತೆ."

ಅವರು ಉಸಿರು ಬಿಟ್ಟರು. ಇಷ್ಟು ದಿನ ಹೇಳೋಕೆ ಏನಾಗಿತ್ತು ನಿಂಗೆ ಅಂತ ಮೆತ್ತಗೆ ಗದರಿದರು. ಆಮೇಲೆ ತಟ್ಟೆ ಮುಂದಕ್ಕೆ ಚಾಚಿ ಇನ್ನರ್ಧ ಮುದ್ದೆ ಹಾಕಿಸಿಕೊಂಡರು.