ಹೊಟ್ಟು ಬೀಳದ ಗರಗಸ

ಮೊದಲ ಸಲ ಹುಡುಗಿಯ ಮನೆಗೆ ಹೋದಾಗ, ಇನ್ನೂ ಅಳಿಯನಾಗಿರದ ಅಳಿಯ ಹಿಂದಿನ ಕೋಣೆಯೊಳಗೆ ಬಾಗಿಲ ಸಂದಿಯಿಂದ ಇಣುಕಿದ್ದ. ಮೇಜಿನ ಮೇಲೆ ಬಾಗಿದ ಉದ್ದನೆಯ ತೋಳು, ಅದರ ತುದಿಯಲ್ಲಿ ಸೂಜಿಯಷ್ಟು ಸಣ್ಣಗೆ ಏನೋ ಮೇಲೆ ಕೆಳಗೆ ಆಡುತ್ತಿದೆ, ಕೆಳಗೆ ಕಾಲಲ್ಲಿ ಒತ್ತುವ ಪೆಡಲು. ಮಾವ ಹೊಲಿಗೆಯವರು ಎಂದು ಅಲ್ಲೇ ತೀರ್ಮಾನಿಸಿಬಿಟ್ಟ. ಎರಡನೇ ಸಲ ಹೋಗುವಾಗ ಹಣ್ಣಿನ ಜೊತೆಗೆ, ಉದ್ದವಾಗಿದ್ದ ಒಂದು ಪ್ಯಾಂಟನ್ನೂ ಒಯ್ದ.

ಮಾವ ಪ್ಯಾಂಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅದು ಮರ ಕೊಯ್ಯೋ ಗರಗಸ ಕಣಪ್ಪಾ. ಅದಕ್ಕೆ ಕೊಟ್ರೆ ನಿಂಗೆ ಒಂದು ಚಡ್ಡಿ ಸಿಗತ್ತೆ, ಜೊತೆಗೆ ನಾಲ್ಕು ಕರ್ಚೀಫು."

ಅಡುಗೆಮನೆಯಲ್ಲಿ ಯಾರೋ ಕಿಸಕ್ಕೆಂದರು. ಹಾಗೆ ನಕ್ಕವಳನ್ನೇ ಅವನು ಮದುವೆಯಾದ.

ಮಾವ ದುಡಿದದ್ದು ಕರೆಂಟಿನ ಮೀಟರು ಪರೀಕ್ಷಿಸುವ ಕೋಣೆಯಲ್ಲಿ. ಬಿಡುವು ಸಿಕ್ಕಾಗೆಲ್ಲ, "ರಿಟೈರಾಗ್ಲಿ, ಮರದಲ್ಲಿ ಕುಸುರಿ ಕೆಲಸ ಮಾಡ್ತೀನಿ, ಆನೆ ಕುದುರೆ ಎಲ್ಲ ಕೊಯ್ದು ನಿಲ್ಲಿಸ್ತೀನಿ" ಎಂದು ಹೇಳಿ ಹೇಳಿ, ಜೊತೆಯವರ ಬಾಯಲ್ಲಿ 'ಕುಸುರಿ' ಎಂದೇ ಹೆಸರಾಗಿದ್ದರು. ಬೀಳ್ಕೊಡುವ ದಿನ ಅವರೆಲ್ಲ ಸೇರಿ ಈ ಕುಸುರಿ ಗರಗಸವನ್ನೇ ತಂದು ಮುಂದಿಟ್ಟರು. ಆಡಿದ ಮಾತು ಯಂತ್ರವಾಗಿ ಮನೆಗೆ ಬಂದು ಕೂತಿತು.

ಅಂದಿನಿಂದ ಸಂಜೆಯಾದರೆ ಮಾವ ಆ ಕೋಣೆ ಸೇರುವರು, ಗರ್ ಎಂದು ಸದ್ದು ಏಳುವುದು. "ನಮ್ಮನೆಯವರು ಕುಸುರಿಗೆ ಕೂತ್ರೆ ಊಟದ ನೆನಪೂ ಇರಲ್ಲ" ಎಂದು ಅತ್ತೆ ಅಕ್ಕಪಕ್ಕದವರಿಗೆ ಹೇಳುವರು.

ಭಾನುವಾರ ಅಳಿಯನಿಗೆ ಬುಲಾವು. ಮೆಷಿನ್ನನ್ನು ಮಗ್ಗುಲಿಗೆ ಮಲಗಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಮೊದಲು ಪ್ಲಗ್ ಕೀಳಬೇಕು, ಅಲಗಿನ ಬಿಗಿ ಸಡಿಲಿಸಬೇಕು. "ಮೆತ್ತಗೆ! ಕೂಸು ಮಲಗಿಸೋ ಹಾಗೆ!" ತೋಳು ಆಡುವ ಕೀಲಿನ ಸಂದಿಗೆ ಹನಿಹನಿಯಾಗಿ ಎಣ್ಣೆ. ಅದು ಒಳಗಿಳಿಯುವ ತನಕ ಕಾಯಬೇಕು. ಆಮೇಲೆ ಮಗ್ಗುಲು ಬದಲಿಸಿ ಆ ಕಡೆಗೂ ಎಣ್ಣೆ. ಮರ ಇಡುವ ತಟ್ಟೆಗೆ ಮಾತ್ರ ಎಣ್ಣೆ ತಾಗಕೂಡದು, ಮರಕ್ಕೆ ಕಲೆ ಹತ್ತುತ್ತದೆ. ಅದಕ್ಕೆ ಮೇಣ ಸವರಿ ಮುಖ ಕಾಣುವಂತೆ ಉಜ್ಜಬೇಕು. ಕೊನೆಗೆ ರಬ್ಬರಿನ ಉಂಡೆ ಒತ್ತಿ ಮೋಟರಿನ ಗಾಳಿಕಿಂಡಿಗೆ ಊದಬೇಕು.

ಹೀಗೆ ಊದುತ್ತಿರುವಾಗಲೇ ಅಳಿಯನಿಗೆ ಹೊಳೆಯಿತು: ಏನೂ ಹಾರುತ್ತಿಲ್ಲ. ಮರ ಕೊಯ್ಯುವ ಕೋಣೆಯಲ್ಲಿ ಚಿಟಿಕೆ ಹೊಟ್ಟಿಲ್ಲ. ಕೊಯ್ಯುತ್ತ ಹೋದರೆ ಅಲಗುಗಳು ಪಟಪಟ ಮುರಿಯುತ್ತವೆ ಎಂದು ಮಾವನೇ ಹೇಳಿದ್ದರು. ಅಲಗಿನ ಪೊಟ್ಟಣ ನೋಡಿದರೆ ಬಂದ ಹಾಗೇ ಬಾಯಿ ಮುಚ್ಚಿಕೊಂಡು ಕೂತಿದೆ. ಗೋಡೆಗೊರಗಿದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಆನೆ. ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಹಲಗೆಯೇ ಆನೆಬಣ್ಣಕ್ಕೆ ತಿರುಗಿದೆ.

"ಇದನ್ನ ಯಾವಾಗ ಕೊಯ್ತೀರಿ ಮಾವ?"

"ಮರ ಇನ್ನೂ ಒಣಗಬೇಕು."

ಮುಂದಿನ ಭಾನುವಾರ ಕೇಳಿದರೆ ಬೆಳಕು ಸಾಲದು ಎಂದರು.

ಒಂದು ಸಂಜೆ ಅಳಿಯ ಬುಲಾವಿಲ್ಲದೆಯೇ ಆ ಬಾಗಿಲ ತನಕ ಹೋದ. ಮೆಷಿನ್ನು ಓಡುತ್ತಿತ್ತು. ಮಾವ ಹಲಗೆಯನ್ನು ಅಲಗಿನ ಹತ್ತಿರ, ಇನ್ನೂ ಹತ್ತಿರ ತಂದರು. ಕೂದಲೆಳೆಯಷ್ಟು ಉಳಿದಾಗ ತಡೆದರು. ಹಲಗೆ ಗೋಡೆಗೆ ವಾಪಸಾಯಿತು, ಎಣ್ಣೆಡಬ್ಬಿ ಕೈಗೆ ಬಂತು. ಸ್ನಾನ ಮಾಡುತ್ತಿದ್ದವರನ್ನು ನೋಡಿಬಿಟ್ಟವನ ಹಾಗೆ ಅಳಿಯ ಹಿಂದೆ ಸರಿದ. ನಗು ಬರಲಿಲ್ಲ. ಅವನ ಮನೆಯಲ್ಲೂ ಒಂದು ಗಿಟಾರಿತ್ತು. ವಾರವಾರ ತಪ್ಪದೆ ಶ್ರುತಿ ಕೂಡಿಸಿಕೊಳ್ಳುತ್ತಿತ್ತು, ಹಾಡು ಮಾತ್ರ ಒಂದನ್ನೂ ಕಂಡಿರಲಿಲ್ಲ.

ಅಷ್ಟರಲ್ಲಿ ಸೀಲಣ್ಣನ ಫೋನು ಬಂತು. ಮೀಟರಿಗೆ ಸೀಲು ಒತ್ತುತ್ತಿದ್ದ ಹಳೆಯ ಗೆಳೆಯ; ಗರಗಸ ಕೊಡಿಸಲು ಮುಂದೆ ನಿಂತವರೂ ಅವರೇ. "ಏನಯ್ಯಾ ಕುಸುರಿ, ಭಾನುವಾರ ಬರ್ತೀನಿ. ನಿನ್ನ ಆನೆ ಕುದುರೆ ನೋಡ್ದೆ ಎದ್ದು ಹೋಗಲ್ಲ."

ಆ ವಾರ ಮಾವನಿಗೆ ಊಟ ಸೇರಲಿಲ್ಲ. ಗರಗಸಕ್ಕೆ ಮಾತ್ರ ಮೂರು ಹೊತ್ತೂ ಎಣ್ಣೆ ಬಿತ್ತು.

ಅತ್ತೆ ಅಳಿಯನನ್ನು ಅಡುಗೆಮನೆಗೆ ಕರೆದರು. "ನಂಗೂ ಕಣ್ಣಿದೆ ಕಣಪ್ಪಾ. ದಿನಾ ಆ ಕೋಣೆ ಗುಡಿಸೋಳು ನಾನು. ಒಂದು ಚೂರು ಹೊಟ್ಟು ಬಿದ್ದಿದ್ರೆ ಕೇಳು. ನಾಲ್ಕು ಜನದ ಮುಂದೆ ಅವರ ಮಾನ ಹೋಗಬಾರದು. ಎಲ್ಲಾದ್ರೂ ಒಂದು ಆನೆ, ಒಂದು ಕುದುರೆ ತಂದ್ಬಿಡು."

ಅಳಿಯನ ಹೊಟ್ಟೆಪಾಡು ಮೊಬೈಲು ಪರದೆಗೆ ಗಾಜು ಅಂಟಿಸುವುದು. ಅಂಟಿಸಿಯೇ ಬದುಕುವವನಿಗೆ, ಅಂಗಡಿಯಿಂದ ತಂದ ಆನೆ ಕುದುರೆಯ ಹೊಟ್ಟೆಯಡಿಯ ಬೆಲೆಚೀಟಿ ಕೀಳುವುದು ಯಾವ ಮಹಾ? ಉಗುರಲ್ಲಿ ಕೆರೆದು, ಮಾವನದೇ ಮೇಣ ಸವರಿ, ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಎರಡನ್ನೂ ಕೋಣೆಯ ಕಪಾಟಿನ ಮೇಲೆ ನಿಲ್ಲಿಸಿದ.

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ ಸೀಲಣ್ಣ ನೇರವಾಗಿ ಕೋಣೆಗೇ ನುಗ್ಗಿದರು. "ಅಬ್ಬಬ್ಬಾ! ಏನ್ ಕೈಯಯ್ಯಾ ನಿಂದು! ಸೊಂಡಿಲು ನೋಡು, ಸೊಂಡಿಲು!"

ಮಾವ ಆನೆಯನ್ನು ನೋಡಿದರು. ಅತ್ತೆಯನ್ನು ನೋಡಿದರು. ಅಳಿಯನನ್ನು ನೋಡಿದರು. ಕಿವಿಯ ತನಕ ಕೆಂಪಾದರು. ಬೈದಿದ್ದರೆ ಚೆನ್ನಾಗಿತ್ತು. ಅಳಿಯನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮಾನ ಉಳಿಸಲು ಹೋಗಿ, ನಿಮ್ಮ ಕೈಲಾಗಲ್ಲ ಅಂತ ನಮಗೆಲ್ಲ ಗೊತ್ತು ಎಂದು ಕಪಾಟಿನ ಮೇಲೆ ಬರೆದಿಟ್ಟ ಹಾಗಾಗಿತ್ತು.

"ಒಂದ್ಸಲ ಓಡಿಸಿ ತೋರಿಸಯ್ಯಾ," ಎಂದು ಸೀಲಣ್ಣ ಆನೆಯನ್ನು ಕೈಯಲ್ಲಿ ಹಿಡಿದೇ ಮೆಷಿನ್ನಿನ ಮೇಲೆ ಬಗ್ಗಿದರು.

ಮಾವ ಪೆಡಲು ಒತ್ತಿದರು. ವಾರವಿಡೀ ಕುಡಿಸಿದ್ದ ಎಣ್ಣೆಯೆಲ್ಲ ತೋಳಿನ ಕೀಲಿಂದ ಚಿಮ್ಮಿ ಬಿಳಿ ಅಂಗಿಗೆ ಚುಕ್ಕಿ ಇಟ್ಟಿತು. ಅತ್ತೆ ಬಟ್ಟೆ ತರಲು ಓಡಿದರು. ಸೀಲಣ್ಣನಿಗೆ ಅಂಗಿಯ ಪರಿವೆಯೇ ಇರಲಿಲ್ಲ. ಆನೆಯ ಹೊಟ್ಟೆಯಡಿ ಅವರ ಹೆಬ್ಬೆರಳು ನಿಂತುಬಿಟ್ಟಿತ್ತು. ಸವರಿತು, ಅಂಟಿತು, ಬಿಡಿಸಿಕೊಂಡಿತು. ಕಿತ್ತು ಮತ್ತೆ ಅಂಟಿಸಿದ ಸೀಲುಗಳನ್ನು ಬದುಕೆಲ್ಲ ಹಿಡಿದುಹಾಕಿದ ಬೆರಳದು.

"ಅದು... ಮೇಣ ಅಂಕಲ್," ಎಂದು ಅಳಿಯ ನಡುವೆ ಬಾಯಿ ಹಾಕಿದ. "ಇನ್ನೂ ಆರಿಲ್ಲ."

"ನೀನು ಸುಮ್ನಿರಪ್ಪಾ." ಸೀಲಣ್ಣ ನಗುತ್ತಿರಲಿಲ್ಲ. "ಕುಸುರಿ, ನಿಜ ಹೇಳು. ಇದನ್ನ ಕೊಯ್ದೋರು ಯಾರು?"

ಅತ್ತೆ ಬಟ್ಟೆ ಹಿಡಿದು ಹೊಸಿಲಲ್ಲೇ ನಿಂತರು. ಮಾವ ಪೆಡಲಿನಿಂದ ಕಾಲು ತೆಗೆದರು. ಸದ್ದು ನಿಂತಿತು.

"ಯಾರೋ, ನಂಗೇನು ಗೊತ್ತು? ಇವತ್ತೇ ನೋಡ್ತಿರೋದು. ನಾನು ಇದುವರೆಗೂ ಒಂದು ಕಡ್ಡೀನೂ ಕೊಯ್ದಿಲ್ಲ ಕಣಯ್ಯಾ. ಎಣ್ಣೆ ಹಾಕಿದೀನಿ, ಅಷ್ಟೇ."