ದೇವಕಮ್ಮ ಹೊಲಿದ ಸೈಕಲ್ ಚಡ್ಡಿ

ರಘುನಂದನ್ ತನ್ನ ಹೊಸ ಕಂಪನಿಗೆ ‘ಗಾಳಿ’ ಎಂದು ಹೆಸರಿಡುತ್ತೇನೆ ಎಂದಾಗ ದೇವಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕುಬಿಟ್ಟರು.

“ಅಯ್ಯೋ, ಹಿಂದಿಯವರ ಬಾಯಲ್ಲಿ ಅದು ‘ಗಾಲಿ’ ಆಗತ್ತೆ. ಹಾಗಂದ್ರೆ ಇಲ್ಲಿ ಬೈಗುಳ ಕಣಪ್ಪಾ. ಗಿರಾಕಿ ಬಂದು ‘ಭಯ್ಯಾ, ಒಂದು ಗಾಲಿ ಕೊಡಿ’ ಅಂದ್ರೆ ಏನು ಕೊಡ್ತೀಯ?”

‘ಮಾರುತ’ ಎಂದರೆ ಕಾರು ಎಂದುಕೊಳ್ಳುತ್ತಾರೆ ಎಂದು ಅದನ್ನೂ ಬಿಟ್ಟರು. ಕೊನೆಗೆ ಅವನು ಹಳಗನ್ನಡದ ‘ಎಲರ್’ ಹಿಡಿದುಕೊಂಡು ಬಂದ. ಅದಕ್ಕೂ ಗಾಳಿಯೆಂದೇ ಅರ್ಥ. ದೆಹಲಿಯ ಜನ ಅದನ್ನು ಇಟಲಿಯ ಹೆಸರೆಂದು ತಿಳಿದರು. ರಘುನಂದನ್ ತಿದ್ದಲು ಹೋಗಲಿಲ್ಲ.

ಅದು ೨೦೦೫. ಮೈಸೂರಿನ ಹುಡುಗ ರಘುನಂದನ್ ನೋಯ್ಡಾದ ಐಟಿ ಕೆಲಸ ಬಿಟ್ಟು, ಅಲ್ಲೇ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ಮೂಲೆಯಲ್ಲಿ ಎರಡು ಯಂತ್ರ ಹಾಕಿಕೊಂಡಿದ್ದ. ಭಾನುವಾರ ನಸುಕಿನಲ್ಲಿ ಇಂಡಿಯಾ ಗೇಟಿನ ಸುತ್ತ ದುಬಾರಿ ಸೈಕಲ್ ತುಳಿಯುವವರ ಒಂದು ಗುಂಪು ಆಗ ತಾನೇ ಬೆಳೆಯುತ್ತಿತ್ತು. ಸೈಕಲ್ ಹೊರದೇಶದ್ದು, ತೊಟ್ಟ ಬಟ್ಟೆ ಮಾತ್ರ ಸರೋಜಿನಿ ನಗರದ ಅಗ್ಗದ ಸಂತೆಯದ್ದು. ಅವರಿಗಾಗಿ ಒಳ್ಳೆಯ ಬಟ್ಟೆ ಮಾಡಬೇಕೆಂಬುದು ಅವನ ಹುಚ್ಚು. ಅದೇ ಕಾರ್ಖಾನೆಯಲ್ಲಿ ಸ್ಯಾಂಪಲ್ ಹೊಲಿಯುತ್ತಿದ್ದ ದೇವಕಮ್ಮ ಕನ್ನಡದವರೆಂದು ಗೊತ್ತಾದ ದಿನವೇ ಅವರನ್ನು ತನ್ನ ಕಡೆಗೆ ಕರೆದುಕೊಂಡ.

ದೇವಕಮ್ಮನವರಿಗೆ ಆಗ ನಲವತ್ತನಾಲ್ಕು. ಗಂಡ ಚಿದಂಬರ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಕಿದ್ವಾಯಿ ನಗರದ ಮೊದಲ ಮಹಡಿಯ ಕ್ವಾರ್ಟರ್ಸ್. ಮಗ ಚರಣ್ ಓದಲು ಪುಣೆಗೆ ಹೋದ ಮೇಲೆ ಅವನ ಕೋಣೆಗೆ ಸ್ಫೂರ್ತಿ ಬಂದಿದ್ದಳು. ಚಿತ್ರದುರ್ಗದಲ್ಲಿ ಮೇಷ್ಟರಾಗಿದ್ದ ಗುಂಡಣ್ಣನ ಮಗಳು. ಗುಂಡಣ್ಣ ಚಿದಂಬರರಿಗೆ ಚಿಕ್ಕಪ್ಪನ ಮಗ. ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಆ ಹುಡುಗಿ ದೇವಕಮ್ಮನವರನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಸಂಜೆ ಅವರು ನೋಯ್ಡಾದಿಂದ ಬಸ್ಸಿಳಿದು ಬರುವಷ್ಟರಲ್ಲಿ ಅನ್ನಕ್ಕಿಟ್ಟಿರುತ್ತಿದ್ದಳು.

ಎಲರ್‌ನ ಮೊದಲ ಸರಕು ಸೈಕಲ್ ಚಡ್ಡಿ. ಮೈಗೆ ಅಂಟುವ ಕಪ್ಪು ಬಟ್ಟೆ, ಕೂರುವ ಜಾಗದಲ್ಲಿ ದಪ್ಪನೆಯ ಪ್ಯಾಡು. ಮೂವತ್ತು ಮಾರಾಟವಾದವು, ಹತ್ತೊಂಬತ್ತು ವಾಪಸು ಬಂದವು.

“ಏನಂತೆ ತೊಂದರೆ?” ದೇವಕಮ್ಮ ಕೇಳಿದರು.

ರಘುನಂದನ್‌ನ ಕಿವಿ ಕೆಂಪಾಯಿತು. “ಅದು... ಒತ್ತತ್ತಂತೆ ದೇವಕಮ್ಮ.”

“ಎಲ್ಲಿ?”

ಅವನು ಕಿಟಕಿಯ ಕಡೆ ನೋಡಿದ. ದೇವಕಮ್ಮನವರೂ ಮತ್ತೆ ಕೇಳಲಿಲ್ಲ. ಮಾರನೆಯ ದಿನ ಯಂತ್ರದ ಮೇಲೆ ಮಡಿಸಿದ ಒಂದು ಚೀಟಿ ಇತ್ತು: ‘ಒಳತೊಡೆ. ಒಂದು ಗಂಟೆ ತುಳಿದ ಮೇಲೆ.’ ಅದನ್ನು ಓದಿ ಅವರು ಯಾರೂ ನೋಡಲಿಲ್ಲ ತಾನೇ ಎಂದು ಸುತ್ತ ನೋಡಿ, ಹರಿದು ಹಾಕಿದರು. ಆದರೆ ಒಳತೊಡೆ ಎಂದರೆ ಎಲ್ಲಿ? ಹೊಲಿಗೆಯೋ, ಪ್ಯಾಡೋ, ದಾರದ ಗಂಟೋ? ಗಂಡಸರನ್ನು ಕೇಳುವಂತಿಲ್ಲ. ಕೇಳಿದರೂ ಅವರು ಹೇಳುವುದಿಲ್ಲ.

ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗಿಬಂದವರು ದೇವಕಮ್ಮ. ಆ ಫೆಬ್ರವರಿಯಲ್ಲಿ, ಮಂಜು ಇನ್ನೂ ಪೂರ್ತಿ ಕರಗದ ಬೆಳಗುಗಳಲ್ಲಿ, ಒಳಗೆ ಚಡ್ಡಿ ತೊಟ್ಟು, ಮೇಲೆ ಸಲ್ವಾರ್ ಕಮೀಜ್ ಹಾಕಿ, ಶಾಲು ಹೊದ್ದು, ಗಂಡನ ಹಳೆಯ ಸೈಕಲ್ ಇಳಿಸಿಕೊಂಡು ಹೊರಟರು. ಐಎನ್‌ಎ ಮಾರುಕಟ್ಟೆ ದಾಟಿ, ಲೋಧಿ ರಸ್ತೆಯುದ್ದಕ್ಕೂ ಹೋಗಿ ಹಿಂದಕ್ಕೆ ಬರುವುದು. ಗಂಡನಿಗೆ ವಾಕಿಂಗ್ ಎಂದು ಹೇಳಿದ್ದರು. ಚಿದಂಬರ ಆ ಹೊತ್ತಿಗೆ ಏಳುವವರಲ್ಲ. ಎದ್ದಿದ್ದು ಓದುತ್ತಿದ್ದವಳು ಸ್ಫೂರ್ತಿ ಮಾತ್ರ. ಅವಳಿಗೆ ಎಲ್ಲ ಗೊತ್ತಿತ್ತು.

ಒಂಬತ್ತನೆಯ ದಿನ ಎಡತೊಡೆಯ ಒಳಗೆ ರೂಪಾಯಿಯಗಲ ಚರ್ಮ ಸುಲಿದುಹೋಯಿತು. ಉರಿ ತಡೆಯಲಾರದೆ ಬಚ್ಚಲಿನಲ್ಲಿ ಕೂತು ಚಡ್ಡಿಯನ್ನು ತಿರುವಿ ನೋಡಿದರು. ಮೂರು ಹೊಲಿಗೆಗಳು ಬಂದು ಸೇರುವ ಒಂದು ಗಂಟು ಸರಿಯಾಗಿ ಅದೇ ಜಾಗಕ್ಕೆ ಬರುತ್ತಿತ್ತು. ಅಂದೇ ಕಾರ್ಖಾನೆಗೆ ಕಾಲಗಲಿಸಿ ನಡೆದುಕೊಂಡು ಹೋಗಿ, ಹೊಲಿಗೆಯನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿ, ಬಟ್ಟೆಯ ಅಂಚುಗಳನ್ನು ಚಪ್ಪಟೆಯಾಗಿ ಕೂಡಿಸಿ, ದಾರದ ತುದಿಯನ್ನು ಹೊರಮೈಗೆ ತಂದರು. ರಘುನಂದನ್‌ಗೆ ವಿಷಯ ಹೇಳಲೇಬೇಕಾಯಿತು. ಹೇಗೆ ಗೊತ್ತಾಯಿತು ಎಂದು ಅವನು ಬಿಡದೆ ಕೇಳಿದ. ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ಅವನಿಂದ ಮಾತು ತೆಗೆದುಕೊಂಡರು.

ಆಮೇಲೆ ಒಂದೂ ವಾಪಸು ಬರಲಿಲ್ಲ. ಎರಡು ಯಂತ್ರ ಆರಾದವು, ಹನ್ನೆರಡಾದವು. ಚಡ್ಡಿಯ ಜೊತೆ ಅಂಗಿ, ಕೈಗವಸು, ಚಳಿಗಾಲದ ಮೇಲಂಗಿ ಬಂದವು. ಬೆಲೆ ಕೇಳಿ ಬೆಚ್ಚಿದವರೂ ತೊಟ್ಟು ನೋಡಿ ಕೊಳ್ಳುತ್ತಿದ್ದರು. ಹೊಸ ಸ್ಯಾಂಪಲ್ ಬಂದಾಗಲೆಲ್ಲ ದೇವಕಮ್ಮ ಅದನ್ನು ಮನೆಗೆ ತಂದು ತೊಟ್ಟು ತುಳಿದು, ಒಗೆದು, ಬಾಲ್ಕನಿಯಲ್ಲಿ ಟವೆಲ್ಲಿನ ಅಡಿಯಲ್ಲಿ ಒಣಹಾಕುತ್ತಿದ್ದರು.

೨೦೦೭ರ ಮೇ ತಿಂಗಳ ಒಂದು ಸಂಜೆ ಧೂಳಿನ ಬಿರುಗಾಳಿ ಎದ್ದಿತು. ಅಂದು ಕನ್ನಡ ಮಹಿಳಾ ಮಂಡಳಿಯ ಭಜನೆ ದೇವಕಮ್ಮನವರ ಮನೆಯಲ್ಲಿ. ಏಳೆಂಟು ಜನ ಹೆಂಗಸರು ಬಂದು ಕೂತಿದ್ದರು. ಕೆಳಮನೆಯ ಲೀಲಮ್ಮ ಮಾತ್ರ ತಡವಾಗಿ ಬಂದರು. ಅವರ ಗಂಡ ಗುರುರಾಜ ಅಲ್ಲಿಯ ಕನ್ನಡಿಗರಿಗೆಲ್ಲ ಹಿರಿಯರಿದ್ದಂತೆ. ಲೀಲಮ್ಮನ ಎರಡು ಬೆರಳ ತುದಿಯಲ್ಲಿ ಕಪ್ಪು ಚಡ್ಡಿ ಜೋಲಾಡುತ್ತಿತ್ತು.

“ನಮ್ಮ ತುಳಸಿ ಗಿಡದ ಮೇಲೆ ಬಿದ್ದಿತ್ತು ಕಣ್ರೀ. ನಿಮ್ಮ ಮನೇದೇನಾ? ಇಂಥದ್ದನ್ನ ಯಾರು ಹಾಕ್ಕೋತಾರೆ ನಿಮ್ಮಲ್ಲಿ?”

ಎಲ್ಲರೂ ತಿರುಗಿ ನೋಡಿದರು. ಹೊಲಿದು ತಂದ ಸ್ಯಾಂಪಲ್ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ದೇವಕಮ್ಮನವರಿಗೆ ಆ ಕ್ಷಣದಲ್ಲಿ ತಾವು ಅದನ್ನೇ ತೊಟ್ಟು ಎಲ್ಲರೆದುರು ನಿಂತಂತೆ ಅನಿಸಿತು.

“ಸ್ಫೂರ್ತಿದು,” ಎಂದುಬಿಟ್ಟರು.

ಕಾಫಿಯ ತಟ್ಟೆ ಹಿಡಿದು ಸ್ಫೂರ್ತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ದೊಡ್ಡಮ್ಮನ ಮುಖ ನೋಡಿದಳು. ತಟ್ಟೆಯನ್ನು ಕೆಳಗಿಟ್ಟು, “ಹೌದು ಆಂಟಿ, ನಂದೇ. ಕೊಡಿ,” ಎಂದು ಕೈ ಚಾಚಿದಳು.

ಅಂದು ಬಂದವರೆಲ್ಲ ಹೋದ ಮೇಲೆ ದೇವಕಮ್ಮ ಏನೋ ಹೇಳಲು ಬಾಯಿ ತೆರೆದರು. “ಪರವಾಗಿಲ್ಲ ಬಿಡಿ ದೊಡ್ಡಮ್ಮ,” ಎಂದು ಸ್ಫೂರ್ತಿ ಪುಸ್ತಕ ತೆರೆದಳು. ಪರವಾಗಿಲ್ಲ ಎಂದಳಲ್ಲ ಎಂದು ಅವರು ಸಮಾಧಾನ ಮಾಡಿಕೊಂಡರು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಸಲ್ವಾರ್ ಹಾಕಿ ಶಾಲು ಹೊದ್ದು ನಸುಕಿನಲ್ಲಿ ಸೈಕಲ್ಲಿನಲ್ಲಿ ಹೋಗುವ ಹೆಂಗಸನ್ನು ಯಾರೋ ದೂರದಿಂದ ಕಂಡಿದ್ದರು. ಅದೂ ಸ್ಫೂರ್ತಿಯೇ ಎಂದಾಯಿತು. ಅಷ್ಟು ಹೊತ್ತಿಗೆ ಯಾರನ್ನು ನೋಡಲು ಹೋಗುತ್ತಾಳೆ ಎಂದಾಯಿತು. ಗುರುರಾಜ ಚಿತ್ರದುರ್ಗಕ್ಕೆ ಫೋನ್ ಮಾಡಿದರು. ಮರುದಿನ ಗುಂಡಣ್ಣನ ಫೋನ್ ದೇವಕಮ್ಮನವರಿಗೆ ಬಂತು.

“ಅತ್ತಿಗೆ, ನೀವು ಹೇಳಿದ್ರೆ ನಂಬ್ತೀನಿ. ಇದೆಲ್ಲ ನಿಜಾನಾ?”

ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ದೇವಕಮ್ಮ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. “ಈಗಿನ ಮಕ್ಕಳು ಅಲ್ವಾ ಗುಂಡಣ್ಣ... ನಾವೇನು ಹೇಳೋದು,” ಎಂದರು.

ಗುಂಡಣ್ಣ ಮಗಳಿಗೆ ಊರಿಗೆ ವಾಪಸು ಬಾ ಎಂದರು. ಅವಳು ಬರುವುದಿಲ್ಲ ಎಂದಳು. ಅಪ್ಪ ಮಾತು ಬಿಟ್ಟರು. ವಾರದೊಳಗೆ ಸ್ಫೂರ್ತಿ ಎರಡು ಪೆಟ್ಟಿಗೆ ಕಟ್ಟಿಕೊಂಡು ಮುಖರ್ಜಿ ನಗರದ ಹಾಸ್ಟೆಲ್ಲಿಗೆ ಹೋದಳು; ಖರ್ಚಿಗೆ ಸಂಜೆಹೊತ್ತು ಮಕ್ಕಳಿಗೆ ಪಾಠ ಹೇಳತೊಡಗಿದಳು. ಹೊರಡುವಾಗ ದೊಡ್ಡಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. ಆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು ದೇವಕಮ್ಮನವರಿಗೆ.

ಎಲರ್ ಮಾತ್ರ ಬೆಳೆಯುತ್ತಲೇ ಹೋಯಿತು. ಗುಡಗಾಂವಿನಲ್ಲಿ ಗಾಜಿನ ಮುಂಗೋಡೆಯ ಅಂಗಡಿ ತೆರೆಯಿತು. ಮುಂಬೈ, ಬೆಂಗಳೂರಿನಿಂದ ಬೇಡಿಕೆ ಬಂತು. ೨೦೦೯ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯವರು ಬಂದಾಗ ರಘುನಂದನ್, “ನಿಮ್ಮ ಕಥೆ ಹೇಳೋಣ ದೇವಕಮ್ಮ, ಇದು ನಿಂತಿರೋದೇ ನಿಮ್ಮಿಂದ,” ಎಂದ.

“ಬೇಡಪ್ಪಾ. ನನ್ನ ಹೆಸರು ಎಲ್ಲೂ ಬರಕೂಡದು.”

ಪತ್ರಿಕೆಯಲ್ಲಿ ಅವನೇ ತಿಂಗಳುಗಟ್ಟಲೆ ತುಳಿದು ದೋಷ ಕಂಡುಹಿಡಿದ ಎಂದು ಬಂತು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಓದಿ ಚಪ್ಪಾಳೆ ತಟ್ಟಿದರು. ದೇವಕಮ್ಮ ಕತ್ತರಿ ಕೆಳಗಿಟ್ಟು ಹೊರಗೆ ಬಂದರು. ತಮ್ಮದಾದ ಒಳ್ಳೆಯದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಅದೇ ಸಲೀಸಾಗಿ ನಾಚಿಕೆಯನ್ನೂ ಇನ್ನೊಬ್ಬಳ ತಲೆಗೆ ಕಟ್ಟಿದ್ದೆನಲ್ಲ ಎಂಬುದು ಆಗ ಹೊಳೆಯಿತು. ಅಂದೇ ಮೆಟ್ರೊ ಹತ್ತಿದರು.

ಹಾಸ್ಟೆಲ್ ಕೋಣೆಯಲ್ಲಿ ಮೂರು ಮಂಚ, ಗೋಡೆಯ ತುಂಬ ಭೂಪಟ. ಸ್ಫೂರ್ತಿ ಸೊರಗಿದ್ದಳು. ಕುರ್ಚಿಯ ಮೇಲಿನ ಪುಸ್ತಕ ಎತ್ತಿ ಜಾಗ ಮಾಡಿಕೊಟ್ಟಳು.

“ನನ್ನದು ತಪ್ಪಾಯ್ತು ಕಣಮ್ಮಾ,” ಎಂದರು ದೇವಕಮ್ಮ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅಷ್ಟಕ್ಕೇ ಮುಗಿದಿತ್ತು.

“ನಿಮ್ಮ ಮನೆಯಲ್ಲಿ ಎರಡು ವರ್ಷ ಊಟ ಮಾಡಿದ್ದೆ ದೊಡ್ಡಮ್ಮ. ಅದಕ್ಕೆ ಆವತ್ತು ಹೌದು ಅಂದೆ. ಆದ್ರೆ ಅಪ್ಪ ಫೋನ್ ಮಾಡಿದಾಗ ನೀವು ಹೇಳ್ತೀರ ಅಂದ್ಕೊಂಡಿದ್ದೆ.” ಎತ್ತಿದ ಪುಸ್ತಕವನ್ನು ಮಂಚದ ಮೇಲಿಟ್ಟು, “ನನ್ನ ಹತ್ರ ಹೇಳಿ ಏನು ಬಂತು? ನನಗೆ ಗೊತ್ತಿರೋದೇ ತಾನೇ ಅದು,” ಎಂದಳು.

ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ನಿಂತೇ ದೇವಕಮ್ಮ ಮೊಬೈಲಿನಿಂದ ಗುಂಡಣ್ಣನಿಗೆ ಎಲ್ಲವನ್ನೂ ಹೇಳಿದರು. “ಎರಡು ವರ್ಷ ಆಯ್ತಲ್ಲ ಅತ್ತಿಗೆ,” ಎಂದು ಗುಂಡಣ್ಣ ಫೋನ್ ಇಟ್ಟರು.

ಶುಕ್ರವಾರ ಲೀಲಮ್ಮನ ಮನೆಯಲ್ಲಿ ಭಜನೆ. ಮಂಗಳಾರತಿ ಮುಗಿದ ಮೇಲೆ ದೇವಕಮ್ಮ ಎದ್ದು ನಿಂತು, ಅಂದಿನ ಚಡ್ಡಿ ತಮ್ಮದೇ ಎಂದು ಹೇಳಿದರು. ಲೀಲಮ್ಮ ನಕ್ಕು ಅವರ ಕೈ ಹಿಡಿದುಕೊಂಡರು. “ನಿಮ್ಮ ಮನಸ್ಸು ದೊಡ್ಡದು ಕಣ್ರೀ. ಆ ಹುಡುಗಿ ಮಾನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೋತಿದೀರಿ.” ಉಳಿದವರು ಮೆಚ್ಚಿ ತಲೆಯಾಡಿಸಿದರು.

ಬೈದಿದ್ದರೆ ಸಹಿಸಬಹುದಿತ್ತು. ದೇವಕಮ್ಮ ಕೈ ಬಿಡಿಸಿಕೊಂಡರು. ಯಾವ ರಸ್ತೆ, ಎಷ್ಟು ದಿನ, ಸಲ್ವಾರಿನ ಒಳಗೆ ಏನು, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿದರು. ಹೊಲಿಗೆ ಎಲ್ಲಿ ಒತ್ತಿತು, ಎಲ್ಲಿ ಚರ್ಮ ಸುಲಿಯಿತು, ಗಾಯಕ್ಕೆ ಬೆಣ್ಣೆ ಹಚ್ಚಿಕೊಂಡು ಎಷ್ಟು ರಾತ್ರಿ ಕಾಲಗಲಿಸಿ ಮಲಗಿದ್ದರು ಎಂಬುದನ್ನೂ. ಚೀಟಿಯಲ್ಲಿ ಓದಲೂ ಅಂಜಿದ್ದ ಮಾತುಗಳನ್ನು ಗಟ್ಟಿಯಾಗಿ ಆಡಿದರು. ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಲೀಲಮ್ಮ ಪ್ರಸಾದದ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದರು, ಹಂಚದೆಯೇ.

ಆಮೇಲೆ ನಾಲ್ಕು ತಿಂಗಳು ಮಂಡಳಿಯಿಂದ ಕರೆ ಬರಲಿಲ್ಲ. ಸುದ್ದಿ ಚಿದಂಬರರ ಕಚೇರಿಯನ್ನೂ ಮುಟ್ಟಿತು. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಿಂಡಿ ತಿನ್ನುತ್ತ, “ನನಗಾದ್ರೂ ಹೇಳಬಹುದಿತ್ತು,” ಎಂದರು. ಮತ್ತೊಂದು ದೋಸೆ ಹಾಕಿಸಿಕೊಂಡರು.

ಗುಂಡಣ್ಣ ಆ ಫೋನಿನ ಮರುತಿಂಗಳೇ ದೆಹಲಿಗೆ ಬಂದರು. ಕಿದ್ವಾಯಿ ನಗರಕ್ಕೆ ಬರದೆ ನೇರ ಹಾಸ್ಟೆಲ್ಲಿಗೇ ಹೋಗಿ, ಮಗಳ ಜೊತೆ ಮೂರು ದಿನ ಇದ್ದು ಹೋದರೆಂದು ಆಮೇಲೆ ಗೊತ್ತಾಯಿತು. ಸ್ಫೂರ್ತಿಗೆ ಐಎಎಸ್ ಆಗಲಿಲ್ಲ. ಮರುವರ್ಷ ಬ್ಯಾಂಕಿನಲ್ಲಿ ಆಫೀಸರ್ ಆಗಿ ಭೋಪಾಲಿಗೆ ಹೋದಳು. ಎಲರ್‌ನಲ್ಲಿ ಈಗ ಐವತ್ತು ಯಂತ್ರಗಳಿವೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಆ ಚಪ್ಪಟೆ ಹೊಲಿಗೆ ಕಲಿಸುವುದು ದೇವಕಮ್ಮನವರ ಕೆಲಸ.

ದೀಪಾವಳಿಗೆ ಸ್ಫೂರ್ತಿಯ ಫೋನ್ ಬರುತ್ತದೆ, ಚಿದಂಬರರ ಮೊಬೈಲಿಗೆ. ಆರೋಗ್ಯ ವಿಚಾರಿಸುತ್ತಾಳೆ, ಚರಣ್‌ನನ್ನು ಕೇಳುತ್ತಾಳೆ. ದೇವಕಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ. ಫೋನ್ ನನಗೂ ಕೊಡಿ ಎಂದು ಮಾತ್ರ ಕೇಳುವುದಿಲ್ಲ.