ಖಾಲಿ ಬಿಟ್ಟ ಊರಿನ ಹೆಸರು

ಟಗರಿನ ಕೊರಳ ಗಂಟೆಯ ಸದ್ದು ರಸ್ತೆಯ ತಿರುವಿನಲ್ಲಿ ಕೇಳಿದಾಗ ಮನಿಷಾ ಅಂಗಳ ಗುಡಿಸುತ್ತಿದ್ದಳು. ಒಡಕು ದನಿಯ ಆ ಗಂಟೆ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಮಳೆ ಮುಗಿದ ಮೇಲೆ ಸೋದರಮಾವ ಮಾಳಸಿದ್ದ ಕುರಿಮಂದೆ ಹೊಡೆದುಕೊಂಡು ಕಬ್ಬೂರಿಗೆ ಬಂದನೆಂದರೆ ಮೊದಲು ಗಂಟೆ, ಆಮೇಲೆ ಗೊರಸಿನ ಸಪ್ಪಳ, ಆಮೇಲೆ ಧೂಳು. ಈ ಸಲ ಗಂಟೆಯ ಹಿಂದೆ ಏನೂ ಬರಲಿಲ್ಲ. ಮಾವ ಒಬ್ಬನೇ ಬರುತ್ತಿದ್ದ. ಗಂಟೆ ಅವನ ಹೆಗಲ ಚೀಲದಲ್ಲಿತ್ತು.

ಮನಿಷಾ ಕೆಲಸ ಮಾಡುವುದು ಚಿಕ್ಕೋಡಿಯಲ್ಲಿ, ಕುರಿ ಮೇಕೆಗಳಿಗೆ ಲಸಿಕೆ ಹಾಕಿಸುವ ಒಂದು ಸಂಸ್ಥೆಯಲ್ಲಿ. ಸುತ್ತಲಿನ ಮಂದೆಗಳ ವಿವರವೆಲ್ಲ ಅಲ್ಲಿಯ ಕಂಪ್ಯೂಟರಿನಲ್ಲಿದೆ. ಬೇಕಾದ್ದನ್ನು ಅದರಿಂದ ಕೇಳಿ ತೆಗೆಯುವವಳು ಅವಳು. ಕೇಳುವುದಕ್ಕೆ ಕೆಲವೇ ಇಂಗ್ಲಿಷ್ ಪದಗಳು, ಅವು ನಿಲ್ಲುವ ಜಾಗವೂ ಗೊತ್ತುಮಾಡಿದ್ದು: ಸೆಲೆಕ್ಟ್ ಎಂದರೆ ಆರಿಸು, ಫ್ರಾಮ್ ಎಂದರೆ ಇಂಥಲ್ಲಿಂದ, ವೇರ್ ಎಂದರೆ ಹೀಗಿದ್ದರೆ ಮಾತ್ರ. ಕಾಲೇಜಿನಲ್ಲಿ ಇಂಗ್ಲಿಷ್ ಮಾತಾಡಲು ತಡವರಿಸುತ್ತಿದ್ದವಳಿಗೆ ಈ ಇಂಗ್ಲಿಷ್ ಒಲಿದಿತ್ತು. ಇಲ್ಲಿ ಉಚ್ಚಾರಕ್ಕೆ ನಗುವವರಿಲ್ಲ.

ಮಾವನ ಮಂದೆಯನ್ನು ಅದಕ್ಕೆ ಸೇರಿಸಿದವಳೂ ಅವಳೇ.

"ಊರ ಯಾವ್ದ ಬರೀಲಿ ಮಾಮಾ?"

"ಕುರಿ ನಿಂತಲ್ಲೇ ನಮ್ಮೂರ. ನಿನ್ನಿ ಶಿರಗುಪ್ಪಿ, ಇವತ್ತ ಯಡೂರ. ನಾಳಿದು ಆ ಟಗರಿನ್ನ ಕೇಳ್ಬೇಕ," ಎಂದು ನಕ್ಕಿದ್ದ. "ನಿನಗ ತಿಳದಂಗ ಬರಿ ಯವ್ವಾ. ಕಲತಾಕಿ ನೀ."

ಇಲ್ಲದ ಊರನ್ನು ಬರೆಯಲು ಮನಸ್ಸಾಗದೆ ಅವಳು ಆ ಜಾಗ ಖಾಲಿ ಬಿಟ್ಟಳು.

ಕುರಿಗಳನ್ನು ಕೊಲ್ಲುವ ನೀಲಿ ನಾಲಿಗೆ ಬೇನೆಯ ಸುದ್ದಿ ಬಂದಾಗ ಮೊದಲು, ಊರು ಕಬ್ಬೂರು ಆಗಿರುವ ಮಂದೆಗಳನ್ನು ಕೊಡು ಎಂದು ಕಂಪ್ಯೂಟರನ್ನು ಕೇಳಿದಳು. ಬಂದ ಪಟ್ಟಿ ಹಿಡಿದು ಸಂಸ್ಥೆಯ ಹುಡುಗರು ಹೋಗಿ ಅವಕ್ಕೆ ಲಸಿಕೆ ಹಾಕಿದರು. ಮರುವಾರ, ಊರು ಕಬ್ಬೂರು ಅಲ್ಲದ ಮಂದೆಗಳನ್ನು ಕೊಡು ಎಂದಳು. ಎರಡೂ ಸೇರಿದರೆ ಯಾರೂ ಉಳಿಯುವುದಿಲ್ಲ ಎಂದುಕೊಂಡಳು. ಆದರೆ ಮಾವನ ಹೆಸರಿನ ಮುಂದೆ ಖಾಲಿ ಇದ್ದದ್ದು ಕಂಪ್ಯೂಟರಿಗೆ ಕಬ್ಬೂರೂ ಅಲ್ಲ, ಕಬ್ಬೂರು ಅಲ್ಲದ್ದೂ ಅಲ್ಲ, ಬರೀ ಗೊತ್ತಿಲ್ಲದ್ದು. ಗೊತ್ತಿಲ್ಲದ್ದನ್ನು ಅದು ಎರಡೂ ಸಲ ಸುಮ್ಮನೆ ಹೊರಗಿಟ್ಟಿತು. ಖಾಲಿ ಇದ್ದವನ್ನೂ ಕೊಡು ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ಬೇನೆ ಬಂದು ಕೆಲವು ಕುರಿ ಸತ್ತಾವೆ ಎಂದು ಮಾವ ಫೋನಿನಲ್ಲಿ ಹೇಳಿದ ದಿನವೇ ಅವಳಿಗೆ ಇದು ತಿಳಿದದ್ದು. ಅಂದಿನಿಂದ ಯಾರಿಗೂ ಹೇಳಿರಲಿಲ್ಲ.

ಮಾಳಸಿದ್ದ ಕಟ್ಟೆಯ ಮೇಲೆ ಕುಳಿತು ಚೀಲದಿಂದ ಗಂಟೆಯನ್ನು ತೆಗೆದು ಪಕ್ಕಕ್ಕಿಟ್ಟ.

"ಟಗರೂ ಹೋತು. ಉಳದಾವನ್ನ ಮಗನ ಕೈಯಾಗ ಕೊಟ್ಟ ಬಂದೇನಿ," ಎಂದ. "ಸೂಜಿ ಹಾಕಾವ್ರು ಎಲ್ಲಾರ ಕಡೆ ಹೋಗಿದ್ರಂತ. ನಮ್ಮ ಕಡೆ ಬರಲಿಲ್ಲ."

"ಕೇಳಬೇಕಿತ್ತಲ್ಲ ಮಾಮಾ."

"ಏನ್ ಕೇಳೂದ? ಒಳಗ ನೀ ಅದೀ ಅಂತ ಸುಮ್ನ ಕುಂತೆ. ಕಬ್ಬೂರ ಅಂತ ಬರದಿರ್ತಾಳ, ಅಕ್ಕನ ಮನಿ ಐತಲ್ಲ, ಅನ್ಕೊಂಡಿದ್ದೆ." ಅವನ ದನಿಯಲ್ಲಿ ದೂರು ಇರಲಿಲ್ಲ. "ಆ ಹುಡುಗೂರಿಗೆ ದಾರಿ ತಪ್ಪಿರಬೇಕ, ಬಿಡು."

ಮನಿಷಾ ಗಂಟೆಯನ್ನೇ ನೋಡುತ್ತ ನಿಂತಳು. ಕಂಪ್ಯೂಟರಿಗಾದರೆ ಎಲ್ಲಿಂದ ಶುರುಮಾಡಬೇಕೆಂದು ಅವಳಿಗೆ ಗೊತ್ತಿತ್ತು.

"ಅವರ್ದ ತಪ್ಪಲ್ಲ ಮಾಮಾ. ನಾ ಕೇಳುವಾಗ ಒಂದ…" ಎಂದವಳು, ಕಸಬರಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ, ಆಗಲೇ ಗುಡಿಸಿ ಮುಗಿಸಿದ್ದ ಅಂಗಳದ ಆ ತುದಿಗೆ ನಡೆದುಬಿಟ್ಟಳು.